ಬಾಟ್ಲಿ ಅಕ್ಕನ ಆರು ಎಣ್ಣೆಗಳು

"ಬಾಟ್ಲಿ ಅಕ್ಕ ಇದ್ದಾರಾ?" ಎಂದು ಯಾರಾದರೂ ಕಾರ್ಖಾನೆಯ ಗೇಟಿನಲ್ಲಿ ಕೇಳಿದರೆ, ಹೊಸದಾಗಿ ಕೆಲಸಕ್ಕೆ ಸೇರಿದ ಕಾವಲುಗಾರರು ತಬ್ಬಿಬ್ಬಾಗುತ್ತಿದ್ದರು. ಹೆಂಗಸಿಗೆ ಅಂಥ ಹೆಸರು ಬರಬೇಕಾದರೆ ಕಾರಣ ಒಂದೇ ಇರಬೇಕೆಂದು ಅವರ ಊಹೆ. ಆಮೇಲೆ ಅವಳ ಕೋಣೆಗೆ ಇಣುಕಿ ನೋಡಿದಾಗ ನಾಲಗೆ ಕಚ್ಚಿಕೊಳ್ಳುತ್ತಿದ್ದರು. ಕಿಟಕಿಯ ಅಂಚಿನಲ್ಲಿ ಬಾಟ್ಲಿ, ಕಪಾಟಿನ ತಲೆಯ ಮೇಲೆ ಬಾಟ್ಲಿ, ಕುರ್ಚಿಯ ಕೆಳಗೂ ಬಾಟ್ಲಿ. ಒಂದರಲ್ಲೂ ಕುಡಿಯುವಂಥದ್ದಿಲ್ಲ. ಜೇನಿನ ಬಣ್ಣದ್ದು, ಡಿಕಾಕ್ಷನ್ ಬಣ್ಣದ್ದು, ನೀರಿನಷ್ಟು ತಿಳಿಯಾದದ್ದು, ಎಲ್ಲದರ ಕೊರಳಿಗೂ ದಾರದಲ್ಲಿ ಕಟ್ಟಿದ ಒಂದೊಂದು ಚೀಟಿ. ಎಣ್ಣೆಯಿಂದ ಬಯೋಡೀಸೆಲ್ ತಯಾರಿಸುವ ಆ ಸಣ್ಣ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಅವಳದು ಎಣ್ಣೆ ಪರೀಕ್ಷಿಸುವ ಕೆಲಸ.

ಕಾರ್ಖಾನೆ ಮುಚ್ಚಿ ಹನ್ನೆರಡು ವರ್ಷವಾಯಿತು. ಅವಳಿಗೆ ಈಗ ಅರವತ್ತಾರು. ಆದರೂ ಯಾರಾದರೂ ಎಣ್ಣೆಯ ಮಾತೆತ್ತಿದರೆ ಸಾಕು, ಕುಳಿತಲ್ಲಿಂದಲೇ ಆ ದಿನಗಳಿಗೆ ಹೊರಟುಬಿಡುತ್ತಾಳೆ.

ಎಣ್ಣೆಯ ನಂಟು ಅವಳಿಗೆ ತೊಟ್ಟಿಲಿನಿಂದಲೇ ಬಂದದ್ದು. ಅಪ್ಪನದು ಎಣ್ಣೆ ಗಿರಣಿ. ಗಿರಣಿಯೆಂದರೆ ದೊಡ್ಡದೇನಲ್ಲ, ಮನೆಯ ಮುಂದಿನ ಕೋಣೆಯಲ್ಲಿ ಒಂದು ಯಂತ್ರ, ನಾಲ್ಕು ಪೀಪಾಯಿ, ಒಂದು ತಕ್ಕಡಿ. ಆ ಮನೆಯಲ್ಲಿ ಬಾಗಿಲ ಹಿಡಿ ಜಾರುತ್ತಿತ್ತು, ಮೆಟ್ಟಿಲು ಜಾರುತ್ತಿತ್ತು, ಶಾಲೆಯಲ್ಲಿ ಟೀಚರು ಅವಳ ನೋಟ್‌ಬುಕ್ಕನ್ನು ಎರಡೇ ಬೆರಳಲ್ಲಿ ಹಿಡಿದೆತ್ತುತ್ತಿದ್ದರು. ಸಂಜೆ ಯಂತ್ರ ನಿಂತ ಮೇಲೆ ಅಪ್ಪ ಅವಳ ಕಣ್ಣು ಮುಚ್ಚಿಸಿ, ಬೆರಳ ತುದಿಗೆ ಒಂದು ಹನಿ ಹಾಕಿ, "ತೀಡಿ ನೋಡು ಮಗಳೇ, ಯಾವುದು ಹೇಳು" ಎನ್ನುತ್ತಿದ್ದ. ಅವಳು ತೀಡಿ, ಮೂಸಿ, ಹೇಳುತ್ತಿದ್ದಳು. ಹತ್ತು ವರ್ಷ ತುಂಬುವ ಹೊತ್ತಿಗೆ ಹತ್ತಕ್ಕೆ ಒಂಬತ್ತು ಸರಿಯಾಗುತ್ತಿತ್ತು. ಹತ್ತನೆಯದು ಅಪ್ಪ ಬೇಕೆಂದೇ ಎರಡು ಎಣ್ಣೆ ಬೆರೆಸಿ ಕೊಟ್ಟದ್ದಾಗಿರುತ್ತಿತ್ತು.

ಚಳಿ ಬಂದಾಗ ಕೊಬ್ಬರಿ ಎಣ್ಣೆ ಶೀಸೆಯಲ್ಲೇ ಕಲ್ಲಾಗುತ್ತಿತ್ತು. ಅಮ್ಮ ಅದನ್ನು ಬಿಸಿಲಿಗಿಟ್ಟು ಕರಗಿಸುತ್ತಿದ್ದಳು. ಸೂರ್ಯಕಾಂತಿ ಎಣ್ಣೆ ಎಂಥ ಚಳಿಗೂ ಜಗ್ಗುತ್ತಿರಲಿಲ್ಲ. ಪಕ್ಕದ ಮನೆಯ ಬಡಗಿ ಅಗಸೆ ಎಣ್ಣೆ ಒಯ್ದು ಮೇಜಿಗೆ ಬಳಿದರೆ ಅದು ವಾರದೊಳಗೆ ಒಣಗಿ ಗಾಜಿನಂಥ ಪದರವಾಗುತ್ತಿತ್ತು.

"ಎಲ್ಲಾ ಎಣ್ಣೆನೂ ಎಣ್ಣೆನೇ ಅಲ್ವಾ ಅಪ್ಪ? ಮತ್ಯಾಕೆ ಒಂದೊಂದು ಒಂದೊಂದು ಥರ?"

"ನೀನೂ ನಿಮ್ಮಣ್ಣನೂ ಒಂದೇ ಹೊಟ್ಟೇಲಿ ಹುಟ್ಟಿದ್ದು. ಒಂದೇ ಥರ ಇದ್ದೀರಾ?"

ಅಣ್ಣನಿಗೂ ಅವಳಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಹಾಗಾಗಿ ಉತ್ತರ ಅವಳಿಗೆ ಪೂರ್ತಿ ಒಪ್ಪಿಗೆಯಾಯಿತು.

ಇಪ್ಪತ್ತಮೂರಕ್ಕೆ ಕಾರ್ಖಾನೆ ಸೇರಿದಳು. ರೈಲು ಹಳಿಯ ಪಕ್ಕದ ಆ ಕಟ್ಟಡ ಮೊದಲು ಸೋಪಿನ ಫ್ಯಾಕ್ಟರಿಯಾಗಿತ್ತು. ಗೋಡೆಯ ಸುಣ್ಣದೊಳಗಿಂದ ಮಳೆಗಾಲದಲ್ಲಿ ಇನ್ನೂ ಸೋಪಿನ ವಾಸನೆ ಬರುತ್ತಿತ್ತು. ಕಾರ್ಖಾನೆಯ ಮುಖ್ಯಸ್ಥರು ಹಿಂದೆ ಶಾಲೆಯಲ್ಲಿ ವಿಜ್ಞಾನ ಕಲಿಸಿದವರು, ಎಲ್ಲರಿಗೂ ಮೇಷ್ಟ್ರು. ಮೊದಲ ದಿನವೇ ಒಂದು ಗಾಜಿನ ಜಾಡಿಯಲ್ಲಿ ಎಣ್ಣೆ, ಮೆಥನಾಲ್, ಚಿಟಿಕೆ ಕಾಸ್ಟಿಕ್ ಸೋಡಾ ಹಾಕಿ, ಬೆಚ್ಚಗೆ ಮಾಡಿ ಕಲಕಿ ಅವಳೆದುರು ಇಟ್ಟರು. ನೋಡನೋಡುತ್ತ ಅದು ಎರಡು ಪದರವಾಯಿತು. ಕೆಳಗೆ ಬೆಲ್ಲದ ಪಾಕದಂಥ ಗ್ಲಿಸರಿನ್, ಮೇಲೆ ತಿಳಿಯಾದ ಡೀಸೆಲ್.

"ಯಾವ ಎಣ್ಣೆ ಹಾಕಿದ್ರೂ ಇದೇ ಬರುತ್ತಾ ಸಾರ್?"

"ಬರುತ್ತೆ. ಆದ್ರೆ ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರಲ್ಲ, ಹಾಗೆ. ನಾವು ಸುಡೋಕೇ ಮಾಡ್ತಿರೋದು, ಆದ್ರೂ ಹೋಗಲ್ಲ. ಗಟ್ಟಿ ಎಣ್ಣೆಯಿಂದ ಬಂದಿದ್ದು ಗಟ್ಟಿ ಸ್ವಭಾವದ್ದು, ತೆಳು ಎಣ್ಣೆಯಿಂದ ಬಂದಿದ್ದು ತೆಳು ಸ್ವಭಾವದ್ದು. ಯಾರ ಮನೆ ಮಗಳು ಅಂತ ನೋಡಿ ಬರಮಾಡಿಕೋ."

ಹೋಟೆಲು, ಹಾಸ್ಟೆಲುಗಳಿಂದ ಕರಿದು ಉಳಿದ ಎಣ್ಣೆ ಡಬ್ಬಗಳಲ್ಲಿ ಬರುತ್ತಿತ್ತು. ಬಂದ ಡಬ್ಬದಲ್ಲಿ ಹುಳಿ, ಅಂದರೆ ಆಮ್ಲ, ಎಷ್ಟಿದೆಯೆಂದು ಪರೀಕ್ಷಿಸಿ ಒಳಗೆ ಬಿಡುವುದು ಅವಳ ಕೆಲಸ. ಎರಡು ತಿಂಗಳು ಚಾಚೂ ತಪ್ಪದೆ ಮಾಡಿದಳು. ಒಂದು ದಿನ ಹಾಸ್ಟೆಲಿನ ಹದಿನಾರು ಡಬ್ಬ ಬಂದವು. ಮುಚ್ಚಳ ತೆಗೆದು ಮೂಸಿದಳು. ಹೊಸ ಎಣ್ಣೆಯಷ್ಟೇ ಚೊಕ್ಕ. ಎಣ್ಣೆ ಗಿರಣಿಯ ಮಗಳ ಮೂಗಿಗಿಂತ ದೊಡ್ಡ ಪರೀಕ್ಷೆ ಬೇಕೇ ಎಂದುಕೊಂಡು ನೇರ ತೊಟ್ಟಿಗೆ ಬಿಡಿಸಿದಳು. ಸಂಜೆಯ ಹೊತ್ತಿಗೆ ತೊಟ್ಟಿಯೊಳಗೆ ಪದರವೂ ಇಲ್ಲ, ಡೀಸೆಲ್ಲೂ ಇಲ್ಲ. ಬರೀ ಬಿಳಿ ಲೋಳೆ. ನೀರಿನಂಶದ ತಿಂಡಿಗಳನ್ನು ಮತ್ತೆ ಮತ್ತೆ ಕರಿದ ಎಣ್ಣೆ ಒಳಗೊಳಗೇ ಒಡೆದು ಹುಳಿಯಾಗಿತ್ತು, ಆ ಹುಳಿ ಕಾಸ್ಟಿಕ್ ಸೋಡಾ ಜೊತೆ ಸೇರಿ ಸೋಪಾಗಿತ್ತು.

ಅವಳು ತಲೆ ತಗ್ಗಿಸಿ ನಿಂತಳು. ಮೇಷ್ಟ್ರು ಒಂದು ಕೋಲಿನಿಂದ ಲೋಳೆಯನ್ನು ಕೆದಕಿ, "ಪಾಪ, ಕಟ್ಟಡಕ್ಕೆ ಹಳೇ ಕಸುಬು ನೆನಪಾಗಿದೆ" ಎಂದರು. ಅಷ್ಟೇ. ಮುಂದಿನ ಮೂರು ದಿನ ಇಡೀ ಕಾರ್ಖಾನೆಯವರು ಅದೇ ಲೋಳೆಯಲ್ಲಿ ನೆಲ ತೊಳೆದರು. ಬೈದಿದ್ದರೆ ಮರೆತುಹೋಗುತ್ತಿತ್ತೇನೋ.

ಮೂರು ವರ್ಷ ಕಳೆಯಿತು. ಬೆಟ್ಟದ ಮೇಲಿನ ಊರಿನ ಬಸ್ ಡಿಪೋ ಅವರ ಡೀಸೆಲ್ ಕೊಳ್ಳಲು ಒಪ್ಪಿತು. ಪಂಪಿನ ಡೀಸೆಲ್ ಜೊತೆ ಅರ್ಧಕ್ಕರ್ಧ ಬೆರೆಸಿ ಓಡಿಸುವುದೆಂದು ಮಾತಾಯಿತು. ಆ ವರ್ಷ ಕಾರ್ಖಾನೆಗೆ ಬರುತ್ತಿದ್ದದ್ದು ಹೆಚ್ಚಾಗಿ ಮಾಂಸದ ಫ್ಯಾಕ್ಟರಿಯ ಕೊಬ್ಬು, ಬಿಸ್ಕತ್ತಿನ ಫ್ಯಾಕ್ಟರಿಯ ತಾಳೆ ಎಣ್ಣೆ. ಅವಳ ಪರೀಕ್ಷೆಯಲ್ಲಿ ಎರಡಕ್ಕೂ ಒಳ್ಳೆ ಅಂಕ. ಇಂಜಿನ್ನಿನಲ್ಲಿ ಬೇಗ ಹೊತ್ತಿಕೊಳ್ಳುತ್ತವೆ, ತಿಂಗಳುಗಟ್ಟಲೆ ಇಟ್ಟರೂ ಕೆಡುವುದಿಲ್ಲ. ಎರಡು ತಿಂಗಳು ಬಸ್ಸುಗಳು ಬೆಣ್ಣೆಯಂತೆ ಓಡಿದವು. ಇಂಜಿನ್ ಗಲಾಟೆ ಕಮ್ಮಿಯಾಗಿದೆ ಎಂದು ಡ್ರೈವರುಗಳು ಚೀಟಿ ಬರೆದು ಕಳಿಸಿದರು. ಅವಳು ಆ ಚೀಟಿಯನ್ನು ಅಪ್ಪನಿಗೂ ಓದಿ ಹೇಳಿದಳು.

ಆಮೇಲೆ ಬೆಟ್ಟದಲ್ಲಿ ಚಳಿ ಬಿತ್ತು. ಒಂದು ಬೆಳಿಗ್ಗೆ ಆಗಷ್ಟೇ ಕೋಣೆಯ ಬೀಗ ತೆಗೆಯುತ್ತಿದ್ದಾಗ ಫೋನು ಬಡಿದುಕೊಂಡಿತು.

"ನಾನು ಮೇಲಿನ ಡಿಪೋದ ಹೆಡ್ ಮೆಕ್ಯಾನಿಕ್ಕು. ಹನ್ನೊಂದು ಬಸ್ಸು ನಿಂತಿವೆ. ಫಿಲ್ಟರು ಬಿಚ್ಚಿದ್ರೆ ನಿಮ್ಮ ಡೀಸೆಲ್ಲು ಬ್ರೆಡ್ಡಿಗೆ ಸವರೋ ಹಾಗೆ ಕೂತಿದೆ. ಬ್ರೆಡ್ಡು ನಮ್ಮ ಹತ್ರ ಇದೆ. ಚಾಕು ನೀವು ಕಳಿಸ್ತೀರಾ?"

"ನಾನೇ ಬರ್ತೀನಿ" ಎಂದಳು.

ಸಂಜೆ ಬೆಟ್ಟ ಹತ್ತಿದಳು. ಮರುದಿನ ಬೆಳಕು ಹರಿಯುವ ಮೊದಲೇ ಡಿಪೋದ ಅಂಗಳದಲ್ಲಿ ನಿಂತು ಕಣ್ಣಾರೆ ನೋಡಿದಳು. ಒಂದಾದ ಮೇಲೊಂದು ಬಸ್ಸು ಕೆಮ್ಮಿತು, ನಡುಗಿತು, ಸುಮ್ಮನಾಯಿತು. ಹೊರಗೆ ಬೆಂಚಿನ ಮೇಲೆ ಜನ ಕಾದಿದ್ದರು: ಪಾಳಿ ಬದಲಿಸಬೇಕಾದ ನರ್ಸುಗಳು, ಸಮವಸ್ತ್ರದ ಮಕ್ಕಳು. ಒಬ್ಬ ಮುದುಕ ಬಟ್ಟೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಮಗಳಿಗೆ ಹೆರಿಗೆಯಾಗಿದೆ, ನಿನ್ನೆಯೇ ಹೋಗಬೇಕಿತ್ತು, ದಿನವಿಡೀ ಮೋಡ, ಒಂದು ಬಸ್ಸೂ ಹೊರಡಲಿಲ್ಲ ಎಂದ. "ಇವತ್ತಾದ್ರೂ ಹೊರಡುತ್ತಾ ತಾಯಿ?" ಎಂದು ಅವಳನ್ನೇ ಕೇಳಿದ, ಅವಳು ಯಾರೆಂದು ಗೊತ್ತಿಲ್ಲದೆ. ಹತ್ತು ಗಂಟೆಗೆ ಬಿಸಿಲು ಬಂದಾಗ ಫಿಲ್ಟರಿನ ಬೆಣ್ಣೆ ತಾನೇ ಕರಗಿ ಬಸ್ಸುಗಳು ಏನೂ ಆಗಿಲ್ಲವೆಂಬಂತೆ ಹೊರಟವು. ಮುದುಕ ಕಿಟಕಿಯಿಂದ ಅವಳಿಗೆ ಕೈ ಬೀಸಿದ. ಆ ಕೈಬೀಸು ಅವಳಿಗೆ ಬೈಗುಳಕ್ಕಿಂತ ಜಾಸ್ತಿ ನಾಟಿತು.

ಮೆಕ್ಯಾನಿಕ್ ಎಣ್ಣೆಯ ಕೈ ಒರೆಸುತ್ತ ಬಂದ. ಮೂವತ್ತರ ಆಸುಪಾಸು, ಉದ್ದನೆಯ ಮನುಷ್ಯ, ಜಗಳಕ್ಕೆ ಮಾತು ಜೋಡಿಸಿಕೊಂಡೇ ಬಂದಂತಿತ್ತು.

ಅವನು ಬಾಯಿ ತೆರೆಯುವ ಮೊದಲೇ ಅವಳೆಂದಳು: "ತಪ್ಪು ನಂದೇ. ನಮ್ಮೂರಿನ ಬಿಸಿಲಲ್ಲಿ ಕೂತು ಪರೀಕ್ಷೆ ಮಾಡಿದೆ. ನಿಮ್ಮೂರಿನ ಚಳಿ ನನ್ನ ತಲೆಗೇ ಬರಲಿಲ್ಲ."

ಅವನ ಜೋಡಿಸಿದ ಮಾತೆಲ್ಲ ವ್ಯರ್ಥವಾಯಿತು. "ಹಾಗೆ ಒಪ್ಕೊಂಡುಬಿಟ್ರೆ ನಾನೇನು ಜಗಳ ಆಡ್ಲಿ?" ಎಂದ. ಕೈಯೊರೆಸಿದ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು, "ತಿಂಡಿ ಆಯ್ತಾ?" ಎಂದು ಕೇಳಿದ.

ಅವತ್ತೇ ಡಿಪೋದ ಟ್ಯಾಂಕಿಗೆ ಬರೀ ಪಂಪಿನ ಡೀಸೆಲ್ ತುಂಬಿಸುವ ವ್ಯವಸ್ಥೆಯಾಯಿತು. ಅವಳು ಮಾತ್ರ ಇಳಿದು ಹೋಗಲಿಲ್ಲ. ಮೇಷ್ಟ್ರಿಗೆ ಫೋನು ಮಾಡಿ, ಒಂದೊಂದು ಎಣ್ಣೆಯಿಂದ ಬೇರೆಬೇರೆಯಾಗಿ ತಯಾರಿಸಿದ ಡೀಸೆಲನ್ನು ಆರು ಬಾಟ್ಲಿಗಳಲ್ಲಿ ತರಿಸಿಕೊಂಡಳು: ಕೊಬ್ಬು, ತಾಳೆ, ಕಡಲೆಕಾಯಿ, ಕೊಬ್ಬರಿ, ಸೋಯಾ, ಸೂರ್ಯಕಾಂತಿ. ಡಿಪೋದ ಕ್ಯಾಂಟೀನಿನ ಮೇಲಿನ ಕೋಣೆಯಲ್ಲಿ ಹತ್ತೊಂಬತ್ತು ದಿನ ಉಳಿದಳು. ವರ್ಕ್‌ಶಾಪಿನ ಹೊರಗಿನ ಕಿಟಕಿಯ ಅಂಚಿನಲ್ಲಿ ಬಾಟ್ಲಿಗಳನ್ನು ಸಾಲಾಗಿ ಇಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ನೇತುಹಾಕಿ, ದಿನಾ ಬೆಳಗಿನ ಜಾವ ಯಾವುದು ಎಷ್ಟು ಚಳಿಗೆ ಮಂಜಾಯಿತೆಂದು ಬರೆದುಕೊಂಡಳು. ಬಾಟ್ಲಿ ಅಕ್ಕ ಎಂಬ ಹೆಸರು ಬಿದ್ದದ್ದು ಅಲ್ಲೇ. ಇಟ್ಟವರು ಕ್ಯಾಂಟೀನಿನ ಅಜ್ಜಿ.

ಮೊದಲ ಸಂಜೆ ಅವಳು ಬಾಟ್ಲಿ ಜೋಡಿಸುವುದನ್ನು ಮೆಕ್ಯಾನಿಕ್ ದೂರದಿಂದ ನೋಡಿದ. ಆಮೇಲೆ ಹತ್ತಿರ ಬಂದು ಟಾರ್ಚು ಹಿಡಿದ.

"ಮೊದಲು ಗಟ್ಟಿಯಾಗೋದು ಕೊಬ್ಬರಿದು" ಎಂದಳು ಅವಳು. "ನಮ್ಮನೇಲಿ ಚಿಕ್ಕಂದಿನಿಂದ ನೋಡಿದ್ದೀನಿ."

ಅವನು ಒಂದೊಂದೇ ಬಾಟ್ಲಿ ಎತ್ತಿ ಅಲ್ಲಾಡಿಸಿದ. "ನನಗೆ ಎಣ್ಣೆ ಗೊತ್ತಿಲ್ಲ ಮೇಡಂ. ಆದ್ರೆ ಕೊಬ್ಬರಿದು ಎಲ್ಲಕ್ಕಿಂತ ತೆಳ್ಳಗೆ ಅಲ್ಲಾಡ್ತಿದೆ. ಇದು ಮೊದಲು ಮಲಗಲ್ಲ."

"ಪಂದ್ಯ?"

"ಸೋತವರು ದಿನಾ ಬೆಳಿಗ್ಗೆ ಕೆಳಗಿಂದ ಟೀ ತರಬೇಕು."

ಅಂದು ರಾತ್ರಿಯೂಟಕ್ಕೆ ಮುಂಚೆಯೇ ಕೊಬ್ಬಿನದೂ ತಾಳೆಯದೂ ಗಟ್ಟಿಯಾಗಿದ್ದವು. ಬೆಳಿಗ್ಗೆ ನೋಡಿದರೆ ಕಡಲೆಕಾಯಿಯದರ ತಳದಲ್ಲಿ ಹತ್ತಿಯಂಥ ಗಸಿ. ಸೋಯಾ, ಸೂರ್ಯಕಾಂತಿ ತಿಳಿಯಾಗಿದ್ದವು. ಅವುಗಳ ಪಕ್ಕದಲ್ಲಿ ಕೊಬ್ಬರಿಯದೂ ಕಣ್ಣು ಬಿಟ್ಟುಕೊಂಡೇ ನಿಂತಿತ್ತು. ಅವಳು ನಂಬದೆ ಮೇಷ್ಟ್ರಿಗೆ ಫೋನು ಹಚ್ಚಿದಳು.

"ಎಣ್ಣೆಯೊಳಗೆ ಇರೋದು ಕಡ್ಡಿಗಳು ಅಂದ್ಕೊ" ಎಂದರು ಮೇಷ್ಟ್ರು. "ಕೊಬ್ಬಿಂದು, ತಾಳೆದು ಉದ್ದದ ನೇರ ಕಡ್ಡಿ. ಸ್ವಲ್ಪ ಚಳಿಯಾದ್ರೆ ಸಾಕು, ಸೌದೆ ಹೊರೆ ಥರ ಕಟ್ಟು ಬಿಗಿದುಕೊಳ್ತವೆ. ಸೂರ್ಯಕಾಂತಿದು, ಸೋಯಾದು ಸೊಟ್ಟ ಕಡ್ಡಿ. ಸೊಟ್ಟದ್ದನ್ನ ಹೊರೆ ಕಟ್ಟು ನೋಡೋಣ. ಕೊಬ್ಬರಿದು ನೇರಾನೇ, ಆದ್ರೆ ಮೋಟು. ಎಣ್ಣೆಯಾಗಿದ್ದಾಗ ಮೂರು ಮೂರು ಕೈ ಹಿಡ್ಕೊಂಡಿದ್ವು, ಅದಕ್ಕೆ ಗಟ್ಟಿಯಾಗ್ತಿತ್ತು. ಡೀಸೆಲ್ ಮಾಡುವಾಗ ನಾವು ಕೈ ಬಿಡಿಸಿಬಿಟ್ವಲ್ಲ."

"ಮತ್ತೆ ಹುಟ್ಟುಗುಣ ಹೋಗಲ್ಲ ಅಂದಿದ್ರಿ?"

"ಗಾದೆಗೂ ಒಂದು ಅಪವಾದ ಬೇಡ್ವೇನಮ್ಮ?"

ಹಾಗೆ ಅವಳು ದಿನಾ ಟೀ ತರುವಂತಾಯಿತು. ಎರಡು ಲೋಟ ಹಿಡಿದು ಮಂಜಿನಲ್ಲಿ ಅಂಗಳ ದಾಟಿ ಬರುತ್ತಿದ್ದಳು. ಅವನು ಟಾರ್ಚು ಹಿಡಿದು ಕಾದಿರುತ್ತಿದ್ದ. ಬಾಟ್ಲಿಗಳಿಗೆ ಅವನೇ ಸಂಬಂಧ ಕಟ್ಟಿದ. ಕೊಬ್ಬಿನದು ಮಾವ, ಉಂಡ ತಕ್ಷಣ ಗೊರಕೆ. ತಾಳೆಯದು ಅತ್ತೆ, ಮಾವನ ಹಿಂದೆಯೇ. ಕಡಲೆಕಾಯಿ ಭಾವ, ಕೂತಲ್ಲೇ ತೂಕಡಿಕೆ. ಸೂರ್ಯಕಾಂತಿ ಸೊಸೆ, ಮನೆಮಂದಿಯೆಲ್ಲ ಮಲಗಿದರೂ ಅವಳಿಗೆ ನಿದ್ದೆಯಿಲ್ಲ. "ಎಲ್ಲಾ ಮನೇಲೂ ಇದೇ ಕಥೆ ಬಿಡಿ" ಎಂದಳು ಅವಳು, ಮತ್ತು ಇಬ್ಬರೂ ಲೋಟ ಹಿಡಿದುಕೊಂಡು ನಕ್ಕರು.

ಹತ್ತೊಂಬತ್ತನೆಯ ದಿನ ತೀರ್ಮಾನವಾಯಿತು. ಬೆಟ್ಟಕ್ಕೆ ಇನ್ನು ಮುಂದೆ ಬರೀ ಸೂರ್ಯಕಾಂತಿಯ ಡೀಸೆಲ್. ಕೊಬ್ಬರಿ ಒಳ್ಳೆಯದೇ, ಆದರೆ ಕಾರ್ಖಾನೆಗೆ ಸಿಗುವಷ್ಟು ಎಲ್ಲಿದೆ? ಅವಳು ಬಾಟ್ಲಿಗಳನ್ನು ಪೆಟ್ಟಿಗೆಗೆ ತುಂಬಿಕೊಂಡು ಇಳಿದು ಬಂದಳು. ಉಳಿದ ಚಳಿಗಾಲದಲ್ಲಿ ಒಂದು ಬಸ್ಸೂ ನಿಲ್ಲಲಿಲ್ಲ. ಗೆದ್ದೆ ಎಂದುಕೊಂಡಳು.

ಬೇಸಿಗೆಯ ನಡುವೆ ಮೆಕ್ಯಾನಿಕ್‌ನಿಂದ ಕಾಗದ ಬಂತು. ಬಿಲ್ಲಿನ ಹಿಂಬದಿಯಲ್ಲಿ, ದುಂಡು ಅಕ್ಷರದಲ್ಲಿ ಬರೆದದ್ದು.

"ನಮ್ಮೂರ ಆಸ್ಪತ್ರೆಯ ಜನರೇಟರಿಗೆ ನಿಮ್ಮ ಸೂರ್ಯಕಾಂತಿಯನ್ನೇ ತುಂಬಿಟ್ಟಿದ್ದೆವು. ನಾಲ್ಕು ತಿಂಗಳಿಂದ ಕರೆಂಟು ಹೋಗಿಲ್ಲ, ಹಾಗಾಗಿ ಓಡಿಸಿಲ್ಲ. ನಿನ್ನೆ ತಪಾಸಣೆಗೆ ಚಾಲೂ ಮಾಡಿದರೆ ಆಗಲಿಲ್ಲ. ಟ್ಯಾಂಕು ಬಿಚ್ಚಿದೆ. ತಳದಲ್ಲಿ ಅಂಟು, ಹಳೇ ಬಣ್ಣದ ಡಬ್ಬದ ವಾಸನೆ. ಸೊಸೆ ಚಳಿ ತಾಳುತ್ತಾಳೆ, ಕಾಯುವುದನ್ನು ತಾಳುವುದಿಲ್ಲ. ಟ್ಯಾಂಕು ತೊಳೆದು ಸರಿ ಮಾಡಿದ್ದೇನೆ, ಗಾಬರಿ ಬೇಡ. ಕಿಟಕಿ ಖಾಲಿ ಇದೆ."

ಅವಳು ಕೊನೆಯ ಸಾಲಿನ ಹಿಂದಿನವರೆಗೆ ಪರೀಕ್ಷಕಿಯಾಗಿ ಓದಿದಳು. ಬಡಗಿ ಅಗಸೆ ಎಣ್ಣೆ ಬಳಿದ ಮೇಜು ಕಣ್ಣ ಮುಂದೆ ಬಂತು. ಸೂರ್ಯಕಾಂತಿಯೂ ಅದೇ ಕುಲದ್ದು; ಕಡ್ಡಿ ಸೊಟ್ಟಗಿರುವ ಕಡೆಗೇ ಗಾಳಿ ಬಂದು ಕಚ್ಚುತ್ತದೆ. ಚಳಿಗೆ ಕಾಪಾಡುವ ಸೊಟ್ಟೇ ಸೆಕೆಗೆ ಕೆಡಿಸುತ್ತದೆ. ಇಷ್ಟು ದಿನ ಕಣ್ಣೆದುರೇ ಇದ್ದದ್ದು ಹೊಳೆಯಲಿಲ್ಲವಲ್ಲ ಎಂದು ಹಣೆ ಚಚ್ಚಿಕೊಂಡಳು. ಆಮೇಲೆ ಕೊನೆಯ ಸಾಲು ಓದಿದಳು. ಇನ್ನೊಮ್ಮೆ ಓದಿದಳು. ಆಸ್ಪತ್ರೆಯ ವಿಷಯ ತಿಳಿಸಲೆಂದು ಕಾಗದವನ್ನು ಮೇಷ್ಟ್ರ ಕೈಗೆ ಕೊಟ್ಟಳು. ಅವರು ಕನ್ನಡಕ ಏರಿಸಿ ಪೂರ್ತಿ ಓದಿ, ಮಡಿಚಿ, ವಾಪಸು ಕೊಟ್ಟರು.

"ಅಂಟಿನ ವಿಷಯ ಇಲ್ಲೇ ಕೂತು ಬಗೆಹರಿಸಬಹುದು" ಎಂದರು. "ಕಿಟಕಿ ವಿಷಯಕ್ಕೆ ನೀನೇ ಹೋಗಬೇಕು."

ಕಿವಿಯವರೆಗೂ ಕೆಂಪಾದಳು. ಆದರೆ ಹೋದಳು.

ಮದುವೆಯಾಗುವಾಗ ಅವಳಿಗೆ ಇಪ್ಪತ್ತೇಳು. ಅಪ್ಪ ಅಳಿಯನ ಕಣ್ಣು ಮುಚ್ಚಿಸಿ ಬೆರಳಿಗೆ ಎಣ್ಣೆ ಹಾಕಿ ಕೇಳಿದ. ಅಳಿಯ ತೀಡಿ, ಯೋಚಿಸಿ, "ಇಂಜಿನ್ ಆಯಿಲ್" ಎಂದ. ಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಎರಡು ವರ್ಷ ಅವನು ಬೆಟ್ಟದಲ್ಲಿ, ಅವಳು ಕೆಳಗೆ. ಆಮೇಲೆ ಅವನು ಕೆಳಗಿನ ಡಿಪೋಗೆ ವರ್ಗ ಮಾಡಿಸಿಕೊಂಡು ಬಂದ.

ಕಾರ್ಖಾನೆಯ ಗೋಡೆಯ ಮೇಲೆ ಒಂದು ಕಪ್ಪು ಹಲಗೆ ಬಂತು. ಅವಳೇ ಸೀಮೆಸುಣ್ಣದಲ್ಲಿ ಬರೆದದ್ದು. ಚಳಿಗಾಲಕ್ಕೆ ಸೂರ್ಯಕಾಂತಿ ಸೋಯಾ ಮುಂದೆ, ಕೊಬ್ಬು ಚಿಟಿಕೆಯಷ್ಟು. ಬೇಸಿಗೆಗೆ ಕೊಬ್ಬು, ತಾಳೆ ಮುಂದೆ. ನಿಲ್ಲಿಸಿಡುವ ಟ್ಯಾಂಕಿಗೆ ಸೂರ್ಯಕಾಂತಿ ಬೇಡವೇ ಬೇಡ. ಹರಳೆಣ್ಣೆ ಯಾರೇ ಪುಕ್ಕಟೆ ಕೊಟ್ಟರೂ ಗೇಟಿನಿಂದಲೇ ವಾಪಸು, ಅಷ್ಟು ಮಂದ ಅದು. ಬೆಳಿಗ್ಗೆ ಕೆಲಸಕ್ಕೆ ಬಂದವರು ಮೊದಲು ಆಕಾಶ ನೋಡುತ್ತಿದ್ದರು, ಆಮೇಲೆ ಹಲಗೆ. ಮಗಳು ಹುಟ್ಟಿ, ಓದಲು ಕಲಿತಾಗ ಮೊದಲು ಕೂಡಿಸಿ ಓದಿದ ಪದ "ತಾಳೆ". ಬಸ್ಸು ಚಳಿಗೆ ನಿಂತಿತೆಂಬ ಫೋನು ಇಪ್ಪತ್ತು ವರ್ಷದಲ್ಲಿ ಒಂದೇ ಸಲ ಬಂತು. ಅವಳು ಅರ್ಧ ದಾರಿ ಹೋದ ಮೇಲೆ ತಿಳಿದದ್ದು, ಡ್ರೈವರು ಟ್ಯಾಂಕು ತುಂಬಿಸುವುದನ್ನೇ ಮರೆತಿದ್ದ ಎಂದು.

ಆ ವರ್ಷಗಳನ್ನು ನೆನೆದರೆ ಅವಳಿಗೆ ಮೊದಲು ನೆನಪಾಗುವುದು ಮಧ್ಯಾಹ್ನದ ಹೊತ್ತು. ಯಂತ್ರಗಳ ಗುಯ್‌ಗುಟ್ಟುವಿಕೆ, ಡಬ್ಬಗಳ ಮೇಲೆ ಕುಳಿತು ಊಟ ಹಂಚಿಕೊಳ್ಳುವ ಏಳು ಜನ, ರೈಲು ಹೋದಾಗ ಕಿಟಕಿಯ ಗಾಜೆಲ್ಲ ಒಟ್ಟಿಗೆ ನಡುಗುವುದು, ಮೇಷ್ಟ್ರು ಕಣ್ಣು ಮುಚ್ಚಿ ನಿದ್ದೆಯಿಲ್ಲವೆಂದು ವಾದಿಸುವುದು. ಮೇಷ್ಟ್ರು ಒಂದು ಮಳೆಗಾಲದಲ್ಲಿ ಹೋಗಿಬಿಟ್ಟರು. ಅವರ ಕುರ್ಚಿ ಅವಳಿಗೆ ಬಂತು. ವರ್ಷಗಟ್ಟಲೆ ಅದರ ತುದಿಯಲ್ಲೇ ಕೂರುತ್ತಿದ್ದಳು.

ವಿದ್ಯುತ್ ಬಸ್ಸುಗಳು ಬಂದ ಮೇಲೆ ಕಾರ್ಖಾನೆಗೆ ಕೆಲಸ ಕಡಿಮೆಯಾಗುತ್ತ ಹೋಯಿತು. ಅವಳು ಯಾರನ್ನೂ ದೂರಲಿಲ್ಲ. ಮುಚ್ಚುವ ದಿನ ಉಳಿದಿದ್ದ ಮೂವರು ಸೇರಿ ತೊಟ್ಟಿಗಳನ್ನು ಬಿಸಿನೀರಿನಲ್ಲಿ ತೊಳೆದರು. ಅವಳು ಹಲಗೆ ಒರೆಸಲು ಬಟ್ಟೆ ಎತ್ತಿಕೊಂಡಳು, ಆಗಲಿಲ್ಲ. ಬಟ್ಟೆಯನ್ನು ಮೊಳೆಗೆ ನೇತುಹಾಕಿ ಬಂದಳು. ಮನೆಗೆ ಬಂದಾಗ ಗಂಡ ಅನ್ನ ಮಾಡಿಟ್ಟಿದ್ದ, ತುಸು ತಳ ಹಿಡಿದಿತ್ತು. ಇಬ್ಬರೂ ಅದನ್ನೇ ಕೆರೆದು ಉಂಡರು.

ಈಗ ಗಂಡನಿಗೆ ಕಿವಿ ಮಂದ. ಕಳೆದ ಚಳಿಗಾಲದಲ್ಲಿ ಇಬ್ಬರೂ ಸುಮ್ಮನೆ ಒಂದು ದಿನದ ಮಟ್ಟಿಗೆ ಬೆಟ್ಟಕ್ಕೆ ಹೋಗಿ ಬಂದರು. ಬಸ್ಸು ಸದ್ದೇ ಇಲ್ಲದೆ ಏರುತ್ತಿತ್ತು. "ನನ್ನ ಕಿವಿ ಪೂರ್ತಿ ಹೋಯ್ತೇನೇ?" ಎಂದು ಅವನು ಎರಡು ಸಲ ಕೇಳಿದ.

ಡಿಪೋದಲ್ಲಿ ಕ್ಯಾಂಟೀನು ಇದ್ದ ಕಡೆ ಚಾರ್ಜಿಂಗ್ ಕಂಬಗಳು ನಿಂತಿದ್ದವು. ಮರಳುವ ಬಸ್ಸಿಗೆ ಇನ್ನು ಐದೇ ನಿಮಿಷವಿತ್ತು. ಈಗಿನ ಮೆಕ್ಯಾನಿಕ್ ಒಬ್ಬ ಹುಡುಗಿ, ಕೂದಲನ್ನು ಪೆನ್ಸಿಲ್ಲಿನಿಂದ ಗಂಟು ಕಟ್ಟಿದ್ದಳು. ವಯಸ್ಸಾದವರು ಕಂಬದ ಪಕ್ಕ ನಿಂತದ್ದು ಕಂಡು, "ಹುಷಾರು ಅಜ್ಜಿ, ವೈರು ತುಳಿಬೇಡಿ" ಎಂದಳು.

"ಇಲ್ಲಮ್ಮ. ಈ ಚಳಿಗೆ ಇವಕ್ಕೇನೂ ಆಗಲ್ವಾ?"

"ಯಾಕಾಗಲ್ಲ? ಚಳಿಗೆ ಬ್ಯಾಟರಿನೂ ಸೋಮಾರಿ ಆಗುತ್ತೆ. ಕೆಳಗೆ ಓಡೋ ದೂರ ಇಲ್ಲಿ ಓಡಲ್ಲ. ಬೆಳಿಗ್ಗೆ ಬೆಚ್ಚಗೆ ಮಾಡಿ ಎಬ್ಬಿಸಬೇಕು."

ಬಾಟ್ಲಿ ಅಕ್ಕ ಚೀಲವನ್ನು ಕೆಳಗಿಟ್ಟಳು. "ಎಷ್ಟು ಚಳಿಗೆ? ಎಲ್ಲಾ ಬ್ಯಾಟರಿನೂ ಒಂದೇ ಥರಾನಾ, ಒಳಗೆ ಹಾಕಿರೋದರ ಮೇಲೆ ಬೇರೆ ಬೇರೆನಾ?"

ಹುಡುಗಿ ಅವಳನ್ನು ಒಂದು ಕ್ಷಣ ಸರಿಯಾಗಿ ನೋಡಿದಳು. ಆಮೇಲೆ ಕೈ ಒರೆಸಿಕೊಂಡು, "ಬನ್ನಿ, ಒಳಗೆ ಎರಡು ಥರದ್ದಿದೆ, ತೋರಿಸ್ತೀನಿ" ಎಂದಳು.

"ಲೇ, ಬಸ್ಸು ಹೊರಡ್ತಿದೆ ಕಣೇ" ಎಂದು ಗಂಡ ಹಿಂದಿನಿಂದ ಕೂಗಿದ. ಅವಳು ಕೇಳಿಸದವಳಂತೆ ಒಳಗೆ ನಡೆದಳು. ಬಸ್ಸು ಹೊರಟೇ ಹೋಯಿತು. ಮುಂದಿನದು ಒಂದೂವರೆ ಗಂಟೆಯ ಮೇಲೆ. ಅವನು ಗೊಣಗುತ್ತ ಚೀಲ ಎತ್ತಿಕೊಂಡು, ಬಿಸಿಲು ಬೀಳುವ ಬೆಂಚು ಹುಡುಕಿ ಕುಳಿತ.